ಉಜ್ಜನಪ್ಪನವರ ಹೈಸ್ಕೂಲಿನ ಗಂಟೆ

ಶನಿವಾರ ಬೆಳಿಗ್ಗೆ ಶಿವಮೊಗ್ಗದ ಗೋಪಾಳ ಬಡಾವಣೆಯ ಜಗದಾಂಬಾ ಅವರ ಮನೆಯ ಬಾಗಿಲು ತಟ್ಟಿದ ಸದ್ದಾದಾಗ ಹೋಗಿ ತೆಗೆದದ್ದು ಎಂದಿನಂತೆ ಪಕ್ಕದ ಮನೆಯ ಪ್ರೇಮಮ್ಮ. ಜಗದಾಂಬಾ ನವುಲೆಯ ಕೃಷಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಊರಿನಲ್ಲಿ ಯಾರ ಸರ ಹೋದರೂ, ಯಾರ ಮನೆಯ ನಾಯಿಗೆ ಯಾರು ವಿಷ ಹಾಕಿದರೂ, ಜನ ಠಾಣೆಗಿಂತ ಮೊದಲು ಅವರ ಮನೆಗೇ ಬರುತ್ತಿದ್ದರು. ಜಗದಾಂಬಾ ಯೋಚನೆ ಮಾಡುತ್ತಿದ್ದರು, ಪ್ರೇಮಮ್ಮ ಜಗಳ ಮಾಡುತ್ತಿದ್ದರು. ಕಳ್ಳರು ಇಬ್ಬರಲ್ಲಿ ಯಾರಿಗೆ ಹೆಚ್ಚು ಹೆದರುತ್ತಿದ್ದರೋ ಹೇಳುವುದು ಕಷ್ಟ.

ಬಂದಿದ್ದವರು ಉಜ್ಜನಪ್ಪನವರ ಸರ್ಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ವಾಣಿ. ಕುಳಿತುಕೊಳ್ಳುವ ವ್ಯವಧಾನವೂ ಅವರಿಗಿರಲಿಲ್ಲ.

"ಮೇಡಂ, ನಮ್ಮ ಶಾಲೆ ಗಂಟೆ ಕದ್ಬಿಟ್ಟಿದ್ದಾರೆ. ಸೋಮವಾರದೊಳಗೆ ಸಿಗದಿದ್ರೆ ಶಾಲೆನೇ ಇರಲ್ಲ!"

ಪ್ರೇಮಮ್ಮ ಬಾಗಿಲಲ್ಲೇ ತಿರುಗಿ ನಿಂತರು. ಅದು ಅವರು ಓದಿದ ಶಾಲೆ. ಅಪ್ಪ ಭದ್ರಾವತಿಯ ಕಬ್ಬಿಣದ ಕುಲುಮೆಯಲ್ಲಿ ಬೆಂಕಿಯ ಮುಂದೆ ಬೇಯುತ್ತಿದ್ದಾಗ, ಲಂಗದ ಹುಡುಗಿ ಪ್ರೇಮ ದಿನವೂ ರೈಲು ಹತ್ತಿ ಶಿವಮೊಗ್ಗಕ್ಕೆ ಬಂದು ಅದೇ ಗಂಟೆಯ ಕೆಳಗೆ ಸಾಲಿನಲ್ಲಿ ನಿಂತಿದ್ದಳು.

ವಾಣಿ ಹೇಳಿದ ಸಂಗತಿ ಇಷ್ಟು. ಶಾಲೆಯನ್ನು ಕೆಡವಿ ಅಲ್ಲಿ ಅಂಗಡಿ ಸಂಕೀರ್ಣ ಕಟ್ಟುವ ಯೋಜನೆ ತಯಾರಾಗಿತ್ತು. ಮಕ್ಕಳನ್ನು ಊರಾಚೆಯ ಇನ್ನೊಂದು ಶಾಲೆಗೆ ಸೇರಿಸುತ್ತಾರಂತೆ. ಅಷ್ಟು ದೂರ ಕಳಿಸುವ ಮನೆಗಳು ಕಡಿಮೆ, ಅರ್ಧದಷ್ಟು ಹುಡುಗಿಯರ ಓದು ಅಲ್ಲಿಗೇ ಮುಗಿದಂತೆ. ಉಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಶಾಲೆ ಸ್ವಾತಂತ್ರ್ಯಕ್ಕಿಂತ ಹಳೆಯದೆಂದು ತೋರಿಸಿದರೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರುತ್ತದೆ, ಆಮೇಲೆ ಯಾರೂ ಮುಟ್ಟುವಂತಿಲ್ಲ. ಆದರೆ ಗೋಡೆಯ ಅಮೃತಶಿಲೆಯಲ್ಲಿ 'ಮಹಾದಾನಿ ಉಜ್ಜನಪ್ಪನವರು ಸ್ಥಾಪಿಸಿದ್ದು, ೧೯೫೨' ಎಂದಿತ್ತು. ಹಳೆಯ ಕಾಗದಪತ್ರವೆಲ್ಲ ತುಂಗೆಯ ನೆರೆ ನುಗ್ಗಿದ ವರ್ಷ ಕೊಚ್ಚಿಹೋಗಿತ್ತು.

"ನಿನ್ನೆ ಸಂಜೆ ನಮ್ಮ ಪಿ.ಟಿ. ಮೇಷ್ಟ್ರು ದುಶ್ಯಂತ್ ಗಂಟೆಗೆ ಹೊಸ ಬಣ್ಣ ಹೊಡೆಯೋಣ ಅಂತ ಹಳೇ ಬಣ್ಣ ಕೆರೆದ್ರು. ಬಣ್ಣದಡಿ ಅಕ್ಷರ ಕಾಣಿಸ್ತು ಮೇಡಂ, ಕಬ್ಬಿಣದ ಎರಕದಲ್ಲೇ ಮೂಡಿಸಿದ ಅಕ್ಷರ! 'ಭದ್ರಾವತಿ ಕುಲುಮೆ ಕೆಲಸಗಾರರು ತಾವು ಕಟ್ಟಿಸಿದ ಶಾಲೆಗೆ ಕೊಟ್ಟದ್ದು, ೧೯೩೯.'"

"ತಾವು ಕಟ್ಟಿಸಿದ..." ಎಂದು ಪ್ರೇಮಮ್ಮ ಮೆಲ್ಲಗೆ ಹೇಳಿಕೊಂಡರು. ಪ್ರತಿ ವರ್ಷ ಸಾಲಾಗಿ ನಿಂತು ಉಜ್ಜನಪ್ಪನ ಪಟಕ್ಕೆ ಕೈಮುಗಿದದ್ದು ಜ್ಞಾಪಕಕ್ಕೆ ಬಂದು ಮೈ ಉರಿಯಿತು.

"ಫೋಟೋ ತೆಗೀಲಿಲ್ವಾ?" ಎಂದರು ಜಗದಾಂಬಾ.

"ತೆಗೆದು ಅಧಿಕಾರಿಗೆ ಕಳಿಸ್ದೆ. 'ಈ ಕಾಲದಲ್ಲಿ ಫೋಟೋದಲ್ಲಿ ಹಸುಗೂ ರೆಕ್ಕೆ ಹಚ್ತಾರೆ, ಸೋಮವಾರ ಬಂದು ಕಣ್ಣಾರೆ ನೋಡ್ತೀನಿ' ಅಂದ್ರು. ಬೆಳಿಗ್ಗೆ ಬಂದ್ರೆ ಬರೀ ಕೊಂಡಿ ನೇತಾಡ್ತಿದೆ."

ಶಾಲೆಯ ಗೇಟಿನ ಬೀಗ ಒಡೆದಿರಲಿಲ್ಲ. ವಾಣಿಯನ್ನು ಬಿಟ್ಟರೆ ಕೀಲಿ ಇದ್ದದ್ದು ಮೂವರ ಬಳಿ, ಗಂಟೆಯ ಅಕ್ಷರ ನೋಡಿದ್ದವರೂ ಅದೇ ಮೂವರು. ಜಗದಾಂಬಾ ಬಂದಾಗ ಮೂವರೂ ಜಗುಲಿಯಲ್ಲೇ ಇದ್ದರು.

ದುಶ್ಯಂತ್ ತಲೆಯ ಮೇಲೆ ಕೈಹೊತ್ತು ಕೂತಿದ್ದರು. "ನಾನು ಕೆರೀದೇ ಇದ್ದಿದ್ರೆ ಗಂಟೆ ಅದರ ಪಾಡಿಗೆ ಇರ್ತಿತ್ತು," ಎನ್ನುವುದೊಂದೇ ಮಾತು.

ಎರಡನೆಯವನು ಸುಣ್ಣ ಬಳಿಯುವ ಗುತ್ತಿಗೆದಾರ ಲೋಹಿತ್. ಅಂಗಡಿ ಸಂಕೀರ್ಣದ ಕೆಲಸವೂ ಅವನಿಗೇ ಸಿಗುತ್ತದೆಂದು ಊರೆಲ್ಲ ಗುಲ್ಲಾಗಿತ್ತು. ಅವನ ಎರಡೂ ಕೈ ಮಣಿಕಟ್ಟಿನವರೆಗೆ ಕಡುಗೆಂಪಾಗಿದ್ದವು.

"ಇದೇನಪ್ಪಾ ಮದುವಣಗಿತ್ತಿ ಥರ ಮದರಂಗಿ?" ಎಂದು ಪ್ರೇಮಮ್ಮ ಕೆಣಕಿದರು.

"ಚೊಗರು ಕಣಕ್ಕಾ, ಅಡಿಕೆ ಬೆಂದ ಒಗರು ನೀರು. ರಾತ್ರಿಯೆಲ್ಲ ನಮ್ಮನೆ ಅಡಿಕೆ ಬೇಯಿಸಿ ಬಣ್ಣಕ್ಕೆ ಅದ್ದಿದ್ದು. ವಾರ ಆದ್ರೂ ಹೋಗಲ್ಲ."

ಮೂರನೆಯವರು ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ ಶಿವಯೋಗಿ, ಮಹಾದಾನಿ ಉಜ್ಜನಪ್ಪನವರ ಮೊಮ್ಮಗ. 'ಶಾಲೆ ಉಳಿಸಿ' ಹೋರಾಟದ ಮುಂದಾಳು ಅವರೇ. ಬಿಳಿಯ ಜುಬ್ಬಾ, ಮೆಲು ಮಾತು. ಬೆರಳ ತುದಿಗಳು ಮಾತ್ರ ಮಸಿ ಹಿಡಿದಂತೆ ಕಪ್ಪಗಿದ್ದವು.

"ನಮ್ಮನೇಲೂ ಅಡಿಕೆ ಬೇಯಿಸೋ ಕಾಲ. ನಿನ್ನೆ ರಾತ್ರಿ ಆಯನೂರಿನ ತೋಟದಲ್ಲಿದ್ದೆ. ಇದೂ ಚೊಗರೇ," ಎಂದು ಅವರು ನಕ್ಕರು.

"ನೀವೂ ಸುಲಿಯೋಕೆ ಕೂರ್ತೀರಾ?" ಎಂದು ಜಗದಾಂಬಾ ಕೇಳಿದರು.

"ಛೆ ಛೆ, ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಟ್ಟಿದವನೇ ಅಲ್ಲ ನಾನು. ಹಂಡೆ ಮುಂದೆ ನಿಂತು ನೋಡ್ಕೋತೀನಿ, ಅಷ್ಟೆ. ಅಜ್ಜನ ಕಾಲದ ತಾಮ್ರದ ಹಂಡೆ ಮೇಡಂ. ನಮ್ಮ ಅಡಿಕೆ ಹತ್ರ ಕಬ್ಬಿಣ ಸುಳಿಯೋಕೆ ಬಿಡಲ್ಲ."

ಅಷ್ಟರಲ್ಲಿ ವಾಣಿಯ ಫೋನು ಮೊಳಗಿತು. ಯಾರೋ ಹೆಸರು ಹೇಳದೆ ಕೊಟ್ಟ ಸುಳಿವಿನ ಮೇಲೆ ಪೊಲೀಸರು ಭದ್ರಾವತಿಯ ಗುಜರಿ ಅಂಗಡಿಯೊಂದರಲ್ಲಿ ಗಂಟೆಯ ನಾಲಗೆಯನ್ನು ಹಿಡಿದಿದ್ದರು. ಅಂಗಡಿಯವನ ಹೆಸರು ಗುರು. ದುಶ್ಯಂತರ ಭಾವಮೈದುನ.

ಜಗದಾಂಬಾ, ಪ್ರೇಮಮ್ಮ, ದುಶ್ಯಂತ್ ಭದ್ರಾವತಿಗೆ ಹೋದಾಗ ಗುರು ಪೊಲೀಸರ ಎದುರಿಗೇ ಕೂಗಾಡುತ್ತಿದ್ದ.

"ಸಾರ್, ಕಳ್ಳಮಾಲು ತಗೊಳ್ಳೋನು ಅದನ್ನ ಬಾಗ್ಲಲ್ಲೇ ಬಿಟ್ಟು ಮಲಗ್ತಾನಾ? ಯಾರೋ ರಾತ್ರಿ ಕಾಂಪೌಂಡ್ ಮೇಲಿಂದ ಎಸೆದು ಹೋಗವ್ರೆ!"

ನಾಲಗೆಯನ್ನು ಸುತ್ತಿದ್ದ ಗೋಣಿಚೀಲವನ್ನು ಜಗದಾಂಬಾ ಬಿಡಿಸಿ ನೋಡಿದರು. ಇನ್ನೂ ಒದ್ದೆ. ಚೀಲ ಪೂರ್ತಿ ಕೆಂಪು, ಕಬ್ಬಿಣ ತಗುಲಿದ್ದ ಕಡೆ ಮಾತ್ರ ದೊಡ್ಡದೊಂದು ಕಪ್ಪು ಕಲೆ.

"ಚೊಗರಿನ ಚೀಲ!" ಎಂದರು ಪ್ರೇಮಮ್ಮ. "ನಾನಾಗ್ಲೇ ಅಂದ್ಕೊಂಡೆ. ಆ ಲೋಹಿತನ ಕೈ ನೋಡಿದ್ರೇ ಗೊತ್ತಾಗಲ್ವಾ?"

ಜಗದಾಂಬಾ ಆ ಕಪ್ಪು ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಇನ್‌ಸ್ಪೆಕ್ಟರು ಮಾತ್ರ ಚೀಲದ ಗೋಜಿಗೇ ಹೋಗದೆ ದುಶ್ಯಂತರನ್ನು ಜೀಪಿನಲ್ಲಿ ಕೂರಿಸಿಕೊಂಡರು. ಹೊರಗೆ ಕಾರ್ಖಾನೆಯ ಚಿಮಣಿ ಹೊಗೆಯಿಲ್ಲದೆ ನಿಂತಿತ್ತು. ಪ್ರೇಮಮ್ಮನ ಅಪ್ಪ ಕೆಲಸ ಮುಗಿಸಿ ಇದೇ ರಸ್ತೆಯಲ್ಲಿ ಬರುತ್ತಿದ್ದ, ಅಂಗಿಯ ತೋಳೆಲ್ಲ ಸುಟ್ಟ ತೂತು. ಆ ಜನ ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿದ ಶಾಲೆಗೆ ಇನ್ನೊಬ್ಬರ ಹೆಸರು, ಈಗ ಅವರ ಊರಿನವರ ಮೇಲೇ ಕಳ್ಳತನದ ಆರೋಪ. ಪ್ರೇಮಮ್ಮನಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು.

"ಜಗದಾ, ಶಾಲೆ ಬಿದ್ದುಹೋಗೋದಾದ್ರೆ ನನ್ನ ಮೇಲೇ ಬೀಳ್ಲಿ. ನಾನಂತೂ ಒಳಗಿಂದ ಏಳಲ್ಲ," ಎಂದರು.

ಭಾನುವಾರ ಬೆಳಿಗ್ಗೆ ಅದೇ ಸಿಟ್ಟಿನಲ್ಲಿ ಪ್ರೇಮಮ್ಮ ಜಗದಾಂಬಾ ಅವರ ಅಡಿಗೆಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ಬಾಳೆಕಾಯಿ ಹೆಚ್ಚುತ್ತಿದ್ದರು. ಜಗದಾಂಬಾ ಕಾಫಿ ಲೋಟ ಹಿಡಿದವರು ಹಾಗೇ ನಿಂತುಬಿಟ್ಟರು.

"ಪ್ರೇಮಾ, ನಿನ್ನ ಕೈ ಯಾಕೆ ಕಪ್ಪಾಗಿದೆ?"

"ಯಾಕೆ ಅಂದ್ರೆ? ಬಾಳೆಕಾಯಿ ಒಗರು, ಈಳಿಗೆ ಕಬ್ಬಿಣದ್ದು. ಎಣ್ಣೆ ಸವರ್ಕೊಳ್ಳೋದು ಮರ್ತೆ. ಇಷ್ಟೂ ಗೊತ್ತಿಲ್ವಾ ನಿಂಗೆ?"

"ಗೊತ್ತಿತ್ತು ಮಾರಾಯ್ತಿ. ನಿನ್ನೆ ನೆನಪಿಗೆ ಬರ್ಲಿಲ್ಲ ಅಷ್ಟೆ. ಏಳು, ಆಯನೂರಿಗೆ ಹೋಗೋಣ."

ಆಯನೂರಿನ ತೋಟದ ಮನೆಯಲ್ಲಿ ಶಿವಯೋಗಿ ಇರಲಿಲ್ಲ. ಅವರ ತಾಯಿ, ಮುಪ್ಪಾದರೂ ನೆಟ್ಟಗೆ ನಡೆಯುವ ಶಕುಂತಲಮ್ಮ, ಇಬ್ಬರಿಗೂ ಕಾಫಿ ಕೊಟ್ಟು ತಮ್ಮ ಗೋಳು ತೋಡಿಕೊಂಡರು.

"ಏನ್ ಗ್ರಹಚಾರವೋ ತಾಯಿ, ನಿನ್ನೆ ಪ್ಲಾಸ್ಟಿಕ್ ಡ್ರಮ್ಮಿನ ಚೊಗರಿಗೆ ಅದ್ದಿದ ಅಡಿಕೆ ಎಲ್ಲಾ ಕಾಗೆಯಂಗೆ ಕಪ್ಪಾಗ್ಬಿಡ್ತು. ಈ ಮನೇಲಿ ನಾನು ಕಂಡಂಗೆ ಇಂಥದ್ದು ಆಗಿದ್ದೇ ಇಲ್ಲ. ಮಗ ಬೇರೆ ಆ ಡ್ರಮ್ ಮುಟ್ಬೇಡಿ ಅಂತ ರೇಗ್ತಾನೆ."

ಜಗದಾಂಬಾ ಆಕೆಯನ್ನು ಪಕ್ಕಕ್ಕೆ ಕರೆದು ತುಸು ಹೊತ್ತು ಮಾತಾಡಿದರು. ಶಕುಂತಲಮ್ಮನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಬಿಗಿಯಿತು. ದಾರಿಯುದ್ದಕ್ಕೂ ಪ್ರೇಮಮ್ಮ ಎಷ್ಟು ಕೇಳಿದರೂ ಜಗದಾಂಬಾ ಬಾಯಿ ಬಿಡಲಿಲ್ಲ.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಜಗುಲಿಯಲ್ಲಿ ಎಲ್ಲರೂ ಸೇರಿದರು. ಅಧಿಕಾರಿ ಬಂದು ಬರಿದಾದ ಕೊಂಡಿಯನ್ನು ನೋಡಿ ಮುಖ ಸಿಂಡರಿಸಿದರು. ಇನ್‌ಸ್ಪೆಕ್ಟರು ದುಶ್ಯಂತರನ್ನು ಕರೆತಂದಿದ್ದರು. ಲೋಹಿತ್ ಕಂಬಕ್ಕೊರಗಿದ್ದ. ಶಿವಯೋಗಿ ಮಾತ್ರ ಅಧಿಕಾರಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಮಕ್ಕಳು ಬಯಲಿನಲ್ಲಿ ಸಾಲುಗಟ್ಟಿ ನಿಂತಿದ್ದರು.

"ಗಂಟೆ ಕದ್ದವರ ಕೈಯೇ ಅವರನ್ನ ಹಿಡ್ಕೊಟ್ಟಿದೆ," ಎಂದು ಜಗದಾಂಬಾ ಶುರು ಮಾಡಿದರು.

ಎಲ್ಲರೂ ಲೋಹಿತನ ಕೆಂಪು ಕೈ ನೋಡಿದರು. ಪ್ರೇಮಮ್ಮ ನೋಡಿದ್ದು ಬೇರೆ ಕಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಶಿವಯೋಗಿಯ ಕೈಗಳು ಜುಬ್ಬಾದ ಜೇಬಿಗೆ ಇಳಿದವು.

"ಮೊದಲು ದುಶ್ಯಂತ್. ಅಕ್ಷರವನ್ನ ಬೆಳಕಿಗೆ ತಂದವರೇ ಅವರು. ಮುಚ್ಚಿಡೋ ಮನಸ್ಸಿದ್ರೆ ಸುಮ್ನೆ ಬಣ್ಣ ಬಳಿದು ಬಿಡಬಹುದಿತ್ತು. ಇನ್ನು ಗುಜರಿಗೆ ಮಾರೋದಾದ್ರೆ ಬರೀ ನಾಲಗೆ ಯಾಕೆ? ಗಂಟೆ ಎಲ್ಲಿ? ಅವರನ್ನ ಸಿಕ್ಕಿಸೋಕೇ ಯಾರೋ ನಾಲಗೆ ಬಿಚ್ಚಿ ಎಸೆದಿದ್ದಾರೆ. ಅದನ್ನ ಸುತ್ತಿದ್ದ ಚೀಲದಲ್ಲಿ ಹಸಿ ಚೊಗರಿತ್ತು. ದುಶ್ಯಂತ್ ಮನೇಲಿ ಅಡಿಕೆ ಇಲ್ಲ, ಗುರು ಮನೇಲೂ ಇಲ್ಲ. ಇರೋದು ಲೋಹಿತ್ ಮತ್ತು ಶಿವಯೋಗಿ ಮನೇಲಿ."

"ನಾನಲ್ಲ ಮೇಡಂ!" ಎಂದ ಲೋಹಿತ್.

"ನೀನಲ್ಲ ಅಂತ ನಿನ್ನ ಕೈಯೇ ಹೇಳ್ತಿದೆ. ಚೊಗರಿನ ಬಣ್ಣ ಕೆಂಪು. ಅದಕ್ಕೆ ಕಬ್ಬಿಣ ಸೋಕಿದ್ರೆ ಮಾತ್ರ ಕಪ್ಪು. ಬಾಳೆಕಾಯಿ ಹೆಚ್ಚಿದ ಯಾವ ಹೆಂಗಸನ್ನ ಬೇಕಾದ್ರೂ ಕೇಳಿ. ಅಡಿಕೆ ಬೇಯಿಸೋಕೆ ತಾಮ್ರದ ಹಂಡೆ ಇಡೋದೂ ಅದಕ್ಕೇ. ಚೀಲದಲ್ಲಿ ನಾಲಗೆ ತಗುಲಿದ ಜಾಗ ಕಪ್ಪಾಗಿತ್ತು. ಚೊಗರಿನ ಚೀಲ ಹಿಡಿದು ಕಬ್ಬಿಣದ ಗಂಟೆ ಹೊತ್ತವರ ಕೈಯೂ ಕಪ್ಪಾಗಲೇಬೇಕು. ಶಿವಯೋಗಿಯವರೇ, ಕೈ ತೆಗೀರಿ."

"ಅಡಿಕೆ ಸುಲಿಯೋರ ಕೈಯೆಲ್ಲಾ ಕಪ್ಪೇ ಇರುತ್ತೆ!" ಎಂದು ಶಿವಯೋಗಿ ಎದ್ದರು.

"ನಿಜ, ಮೆಟ್ಟುಗತ್ತಿ ಕಬ್ಬಿಣದ್ದಲ್ವಾ. ಆದ್ರೆ ನೀವು ಅದನ್ನ ಮುಟ್ಟಿದವರೇ ಅಲ್ಲ. ನಿಮ್ಮ ಅಡಿಕೆ ಹತ್ರ ಕಬ್ಬಿಣ ಸುಳಿಯೋದೇ ಇಲ್ಲ. ನೀವೇ ಹೇಳಿದ ಮಾತು. ಹಾಗಿದ್ರೆ ಶುಕ್ರವಾರ ರಾತ್ರಿ ನಿಮ್ಮ ಕೈಗೆ ಸಿಕ್ಕ ಕಬ್ಬಿಣ ಯಾವುದು? ನಿಮ್ಮನೆ ಡ್ರಮ್ಮಿನ ಚೊಗರು ಮಾರನೇ ದಿನ ಯಾಕೆ ಕಪ್ಪಾಯ್ತು?"

ಉತ್ತರ ಬರುವ ಮುಂಚೆ ಗೇಟಿನಲ್ಲಿ ಒಂದು ಪಿಕಪ್ ಬಂದು ನಿಂತಿತು. ಮುಂದಿನ ಸೀಟಿನಿಂದ ಶಕುಂತಲಮ್ಮ ಇಳಿದರು. ಹಿಂದೆ ಚೊಗರಿನ ಡ್ರಮ್ಮು.

"ತೆಗೀರಪ್ಪಾ ಅದನ್ನ," ಎಂದರು ಆಳುಗಳಿಗೆ.

ಕಪ್ಪು ನೀರು ಸುರಿಸುತ್ತ ಗಂಟೆ ಮೇಲೆ ಬಂತು. ದೊಡ್ಡ ಕುಂಬಳಕಾಯಿಯಷ್ಟು, ಇದ್ದಿಲಿನಷ್ಟು ಕಪ್ಪು.

"ಅವ್ವಾ..." ಎಂದರು ಶಿವಯೋಗಿ. ಆಮೇಲೆ ಆ ಮೆಲು ಮಾತೆಲ್ಲ ಹೋಗಿ ಗಂಟಲು ಹರಿಯುವಂತೆ ಕೂಗಿದರು. "ಹೌದು, ನಾನೇ! ಶಾಲೆ ಉಳಿಸೋಕೆ ಹಗಲೂ ರಾತ್ರಿ ಓಡಾಡ್ದೆ. ಯಾಕೆ? ನಮ್ಮಜ್ಜನ ಶಾಲೆ ಅಂತ! ಅವರು ಬರೀ ಸೂರು ರಿಪೇರಿ ಮಾಡ್ಸಿ ಕಲ್ಲು ನೆಡಿಸಿದ್ರು ಅಂತ ಊರಿಗೆಲ್ಲ ಗೊತ್ತಾಗ್ಬೇಕಾ? ಅಜ್ಜನ ಹೆಸರಿಲ್ಲದ ಶಾಲೆ ಇದ್ರೆಷ್ಟು, ಬಿಟ್ರೆಷ್ಟು?"

"ಇದ್ರೆಷ್ಟು ಅಂತ ಅಲ್ಲಿ ನಿಂತಿರೋ ಹುಡುಗೀರನ್ನ ಕೇಳು!" ಎಂದು ಪ್ರೇಮಮ್ಮ ಅವರ ಎದುರಿಗೇ ಬಂದು ನಿಂತರು. "ನಿಮ್ಮಜ್ಜ ಕೊಟ್ಟಿದ್ದು ಕಲ್ಲು. ನಮ್ಮಪ್ಪಂದಿರು ಕೊಟ್ಟಿದ್ದು ಶಾಲೆ. ಇಷ್ಟು ವರ್ಷ ನಿಮ್ಮಜ್ಜನ ಪಟಕ್ಕೆ ಕೈಮುಗಿದ್ವಿ, ಇನ್ನು ಮುಗಿಯಲ್ಲ!"

ಶಕುಂತಲಮ್ಮ ಮಗನ ಮುಖ ನೋಡಲಿಲ್ಲ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಿನ್ನ ಮಾನ ಅಡಿಕೆ ಡ್ರಮ್ಮಲ್ಲೇ ಹೋಯ್ತಲ್ಲೋ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಧಿಕಾರಿ ಬಗ್ಗಿ ನೋಡಿ ತಲೆಯಾಡಿಸಿದರು. "ಎಲ್ಲಾ ಕಪ್ಪು. ಅಕ್ಷರ ಕಾಣಿಸ್ತಿಲ್ಲವಲ್ಲ."

ವಾಣಿ ಒಳಗೆ ಹೋಗಿ ಸೀಮೆಸುಣ್ಣ ತಂದರು. ಗಂಟೆಯನ್ನು ಒರೆಸಿ, ಸುಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಉಬ್ಬಿದ ಅಕ್ಷರಗಳ ಮೇಲೆ ಉಜ್ಜಿದರು. ಕರಿಹಲಗೆಯ ಮೇಲೆ ಪಾಠ ಮೂಡುವ ಹಾಗೆ ಒಂದೊಂದೇ ಅಕ್ಷರ ಬೆಳ್ಳಗೆ ಎದ್ದುಬಂತು. ಅಧಿಕಾರಿ ಗಟ್ಟಿಯಾಗಿ ಓದಿದರು. 'ತಾವು ಕಟ್ಟಿಸಿದ ಶಾಲೆಗೆ' ಎಂಬಲ್ಲಿ ಅವರ ದನಿ ತಗ್ಗಿತು. ಇಸವಿಯ ಮೇಲೆ ತಾವೇ ಬೆರಳಾಡಿಸಿ ನೋಡಿ, "ಸಾಕು, ಇದಕ್ಕಿಂತ ಸಾಕ್ಷಿ ಬೇಡ," ಎಂದರು.

ಇನ್‌ಸ್ಪೆಕ್ಟರು ಶಿವಯೋಗಿಯ ಹೆಗಲ ಮೇಲೆ ಕೈಯಿಟ್ಟು ಜೀಪಿನ ಕಡೆ ನಡೆಸಿಕೊಂಡು ಹೋದರು. ದುಶ್ಯಂತ್ ಮತ್ತು ಲೋಹಿತ್ ಸೇರಿ ಗಂಟೆಯನ್ನು ಕೊಂಡಿಗೆ ಏರಿಸಿದರು.

"ನಾಲಗೆ ಠಾಣೇಲಿದೆ, ಬಾರಿಸೋದು ಹೇಗೆ?" ಎಂದರು ವಾಣಿ.

ದುಶ್ಯಂತ್ ಆಟದ ಸಾಮಾನಿನ ಕೋಣೆಗೆ ಓಡಿ ಹುಡುಗಿಯರು ಎಸೆಯುವ ಕಬ್ಬಿಣದ ಗುಂಡು ತಂದು, ಪ್ರೇಮಮ್ಮನ ಕೈಗೆ ಕೊಟ್ಟರು.

"ಮೆಲ್ಲಗೆ ಪ್ರೇಮಾ, ಒಡೆದೀತು," ಎಂದರು ಜಗದಾಂಬಾ.

"ನಮ್ಮಪ್ಪಂದಿರು ಎರಕ ಹೊಯ್ದಿದ್ದು ಕಣೇ, ಒಡೆಯಲ್ಲ!"

ಎರಡೂ ಕೈಯಲ್ಲಿ ಗುಂಡನ್ನೆತ್ತಿ ಪ್ರೇಮಮ್ಮ ಒಂದು ಬಿಟ್ಟರು. ಗಂಟೆಯ ಸದ್ದು ಜಗುಲಿ ದಾಟಿ, ಬಯಲು ದಾಟಿ, ಬೀದಿಯ ಆಚೆ ಹೋಯಿತು. ಕಳ್ಳ ಯಾರು, ಅಧಿಕಾರಿ ಯಾರು ಎಂದು ಕತ್ತುದ್ದ ಮಾಡಿ ನೋಡುತ್ತಿದ್ದ ಮಕ್ಕಳು, ಗಂಟೆ ಹೊಡೆಯಿತೆಂದು ಎದ್ದೆವೋ ಬಿದ್ದೆವೋ ಎಂದು ತಮ್ಮ ತಮ್ಮ ಕ್ಲಾಸಿಗೆ ಓಡಿದರು.

ಪ್ರೇಮಮ್ಮ ಕಣ್ಣೊರೆಸಿಕೊಳ್ಳಲೂ ಇಲ್ಲ, ಮರೆಮಾಡಲೂ ಇಲ್ಲ. ಅಧಿಕಾರಿಯ ಕಡೆ ತಿರುಗಿ ಹೇಳಿದರು:

"ಬರ್ಕೊಳ್ಳಿ ಸಾರ್. ಶಾಲೆ ನಡೀತಿದೆ."