ತಪ್ಪಿಲ್ಲದ ಜಾಕೆಟ್

ಕೆಮಿಸ್ಟ್ರಿ ಮೇಷ್ಟ್ರು ಮೂರನೇ ಜಾಕೆಟ್ಟನ್ನೂ ವಾಪಸ್ ತಂದು ಕೌಂಟರ್ ಮೇಲಿಟ್ಟಾಗ ನನಗೆ ಒಟ್ಟಿಗೇ ಎರಡು ಥರ ಆಯಿತು. ಮತ್ತೆ ಬಂದರಲ್ಲಪ್ಪಾ ಅಂತ ಜೀವ ಹೂವಾಯಿತು. ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರ್ ತಲೆಯೆತ್ತಿ ನೋಡಿದ್ದು ಕಂಡು ಅದೇ ಜೀವ ಬಾಯಿಗೆ ಬಂತು.

"ಇದಕ್ಕೇನಾಯ್ತು ಸರ್?"

"ಹಿಂದ್ಗಡೆ ಗಿಡ್ಡ ಮೇಡಂ. ಬಗ್ಗಿ ಹ್ಯಾಂಡಲ್ ಹಿಡಿದ್ರೆ ಸೊಂಟ ಪೂರ್ತಿ ಆಚೆ."

ಹೇಳಿ, ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ಎದೆಯ ತಳದಿಂದ ಬಂದ ಕೆಮ್ಮು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಶರ್ಟು ಮೈಗಂಟಿತ್ತು. ಜಾಕೆಟ್ ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗೆ ಕೂತಿತ್ತು.

"ಇವತ್ತಾದ್ರೂ ಇದನ್ನ ಹಾಕ್ಕೊಂಡು ಬರಬಾರದಾ?"

"ಹಾಕ್ಕೊಂಡ್ರೆ ನೀವು ವಾಪಸ್ ತಗೊಳ್ಳಲ್ಲವಲ್ಲ."

ನಮ್ಮ ರೂಲ್ಸೇ ಹಾಗೆ. ಏಳು ದಿನದೊಳಗೆ ತರಬೇಕು, ಟ್ಯಾಗ್ ಕಿತ್ತಿರಬಾರದು, ಮಳೆಗೆ ಹಾಕಿರಬಾರದು. ಮಳೆಗೆ ಹಾಕದೆ ಮಳೆ ಜಾಕೆಟ್ ಹೇಗಿದೆ ಅಂತ ಗೊತ್ತಾಗುವುದು ಹೇಗೆ ಅಂತ ಮಾತ್ರ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಾಗಿದೆ.

ಈ ಸೈಕಲ್ ಅಂಗಡಿಯಲ್ಲಿ ನಾನು ಬಟ್ಟೆ ಸೆಕ್ಷನ್ನಿನವಳು. ರೋಡ್ ಸೈಕಲ್ ತುಳಿಯುವವರಿಗೆ ಮಳೆ ಜಾಕೆಟ್ ಆರಿಸಿಕೊಡುವುದು ಹುಡುಗಾಟವಲ್ಲ. ಹೊರಗಿನ ನೀರು ಒಳಗೆ ಬರಬಾರದು, ಒಳಗಿನ ಬೆವರು ಒಳಗೇ ನಿಲ್ಲಬಾರದು. ಹಾಕಿಕೊಂಡಿದ್ದೇ ಗೊತ್ತಾಗದಷ್ಟು ಹಗುರ ಇರಬೇಕು. ಮಳೆ ನಿಂತ ತಕ್ಷಣ ಬಿಚ್ಚಿ, ಮುಷ್ಟಿಯಷ್ಟು ಮಾಡಿ, ಬೆನ್ನಿನ ಜೇಬಿಗೆ ತುರುಕುವಂತಿರಬೇಕು. ಇಷ್ಟೂ ಒಂದರಲ್ಲೇ ಬೇಕು ಅಂದರೆ ನಿನಗೆ ಗಂಡು ಹುಡುಕಿದ ಹಾಗೇ ಕಣೇ, ಅಂತಾಳೆ ನಮ್ಮಮ್ಮ.

ಐದು ವಾರದ ಹಿಂದೆ ಮೇಷ್ಟ್ರು ಮೊದಲ ಸಲ ಬಂದಾಗ ಜೇಬಿನಿಂದ ಅಂಗೈಯಗಲದ ತಕ್ಕಡಿ ತೆಗೆದು ನನ್ನೆದುರು ಇಟ್ಟಿದ್ದರು. ಅಂಗಡಿಗೆ ತಾನೇ ತಕ್ಕಡಿ ತರುವ ಗಿರಾಕಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

"ಟ್ಯಾಗಲ್ಲಿ ನೂರಾ ಇಪ್ಪತ್ತು ಗ್ರಾಂ ಅಂತಿದೆ. ತೂಗಿದ್ರೆ ನೂರಾ ಇಪ್ಪತ್ತೆಂಟು."

"ಎಂಟು ಗ್ರಾಂ ತಾನೇ ಸರ್? ಹೊರಡೋ ಮುಂಚೆ ಉಗುರು ಕತ್ತರಿಸ್ಕೊಂಡು ಬಿಡಿ, ಸರಿಹೋಗತ್ತೆ."

ನನ್ನ ಬಾಯಿ ಯಾವತ್ತೂ ನನಗಿಂತ ಒಂದು ಹೆಜ್ಜೆ ಮುಂದೆ. ಅವರು ಗಂಭೀರವಾಗಿ ತಮ್ಮ ಉಗುರು ನೋಡಿಕೊಂಡರು, ಆಮೇಲೆ ನಕ್ಕರು. ನಕ್ಕರೆ ಅವರ ಕಣ್ಣೆರಡೂ ಪೂರ್ತಿ ಮುಚ್ಚಿಹೋಗುತ್ತವೆ. ಮುಚ್ಚಿದ ಆ ಒಂದು ಕ್ಷಣದಲ್ಲಿ ನಾನು ಅವರನ್ನು ಕಣ್ತುಂಬ ನೋಡಿಕೊಂಡೆ. ಅಷ್ಟೇ, ಕೆಟ್ಟೆ.

ಸೈಕಲ್ ಜಾಕೆಟ್ಟನ್ನು ನಿಂತುಕೊಂಡು ನೋಡಬಾರದು. ನಿಂತಾಗ ಎಲ್ಲವೂ ಚೆಂದವೇ. ನಮ್ಮಲ್ಲಿ ಸ್ಟ್ಯಾಂಡಿಗೆ ಬಿಗಿದ ಒಂದು ಸೈಕಲ್ ಇದೆ. ಗಿರಾಕಿಯನ್ನು ಅದರ ಮೇಲೆ ಹತ್ತಿಸಿ, ಬಗ್ಗಿಸಿ, ಎದುರಿಗೆ ಟೇಬಲ್ ಫ್ಯಾನ್ ಹಾಕುತ್ತೇವೆ. ಬಟ್ಟೆ ಪಟಪಟ ಬಡಿದುಕೊಂಡರೆ ಸಡಿಲ. ಕೈ ಚಾಚಿದಾಗ ಮಣಿಕಟ್ಟು ಕಂಡರೆ ತೋಳು ಸಾಲದು. ಬೆನ್ನ ಕಡೆಯ ಅಂಚು ಸೀಟಿನವರೆಗೆ ಇಳಿಯದಿದ್ದರೆ ಹಿಂದಿನ ಚಕ್ರ ರಸ್ತೆಯ ಕೆಸರನ್ನೆಲ್ಲ ಅಲ್ಲೇ ಎರಚುತ್ತದೆ.

ಅಂಚು ನೋಡಲು ಅವರ ಬೆನ್ನಿನ ಮೇಲೆ ನಾಲ್ಕು ಬೆರಳಿಟ್ಟೆ. ಅವರು ಅಲ್ಲಾಡದೆ ಕೂತರು.

"ಉಸಿರಾಡಿ ಸರ್."

"ಈ ಜಾಕೆಟ್ಟೇ ಉಸಿರಾಡತ್ತೆ ಅಂದ್ರಲ್ಲ ನೀವು?"

"ಅದು ಅದರ ಪಾಡಿಗೆ ಉಸಿರಾಡತ್ತೆ. ನಿಮ್ಮದು ನೀವೇ ಆಡಬೇಕು."

ಅವರ ಕಿವಿ ಕೆಂಪಾಗಿತ್ತು. ಫ್ಯಾನಿನ ಗಾಳಿಗೆ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಫ್ಯಾನಿನ ಗಾಳಿಗೆ ಯಾರ ಕಿವಿಯೂ ಕೆಂಪಾಗುವುದಿಲ್ಲ ಅಂತ ನನಗೂ ಗೊತ್ತು.

ಈಗ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ಅವರಿಗೆ ಹೊಂದುವ ಜಾಕೆಟ್ ಯಾವುದು ಅಂತ ನನಗೆ ಅವತ್ತೇ ಗೊತ್ತಿತ್ತು. ಕಿತ್ತಳೆ ಬಣ್ಣದ್ದು, ಅವರ ಅಳತೆಯದು ಒಂದೇ ಒಂದು ಉಳಿದಿತ್ತು. ಅದನ್ನು ಕೊಟ್ಟರೆ ಥ್ಯಾಂಕ್ಸ್ ಅಂದು ಹೊರಟುಹೋಗುತ್ತಾರೆ. ಒಳ್ಳೆಯ ಜಾಕೆಟ್ ಐದು ವರ್ಷ ಬಾಳಿಕೆ ಬರುತ್ತದೆ, ಐದು ವರ್ಷ ಈ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಅದನ್ನು ಮಕ್ಕಳ ಹೆಲ್ಮೆಟ್ ಡಬ್ಬಗಳ ಹಿಂದೆ ಬಚ್ಚಿಟ್ಟೆ. ಮೊದಲು ಕೊಟ್ಟದ್ದು ಬೆವರಲ್ಲಿ ಬೇಯಿಸುವಂಥದ್ದು. ಎರಡನೆಯದು ಗಾಳಿ ತಡೆಯುತ್ತಿತ್ತು, ಮಳೆಯನ್ನಲ್ಲ. ಮೂರನೆಯದು ಗಿಡ್ಡ ಅಂತ ಫ್ಯಾನಿನ ಮುಂದೆಯೇ ಕಂಡಿತ್ತು. "ಹಾಕ್ತಾ ಹಾಕ್ತಾ ಇಳಿಯತ್ತೆ ಸರ್" ಅಂತ ಹಸಿ ಸುಳ್ಳು ಹೇಳಿದೆ. ಮೂರೂ ವಾಪಸ್ ಬರಲಿ ಅಂತಲೇ ಕೊಟ್ಟೆ. ಬಂದವು, ಮೇಷ್ಟ್ರ ಸಮೇತ.

ಆದರೆ ಆ ಐದು ವಾರ ಅವರು ದಿನಾ ಕಾಲೇಜಿಗೆ ನೆನೆದುಕೊಂಡೇ ಸೈಕಲ್ ತುಳಿದಿದ್ದರು. ಮೊದಲ ವಾರ ಸೀನು, ಮೂರನೇ ವಾರ ಕೆಮ್ಮು, ಈಗ ಕಣ್ಣು ಕೂಡ ಕೆಂಪು.

"ನಾಳೆ ಸಂಜೆ ಬನ್ನಿ ಸರ್," ಅಂದೆ, "ಇನ್ನೊಂದು ತೋರಿಸ್ತೀನಿ."

"ನಾಳೇನಾ?" ಅಂದರು. ಅವರ ಮುಖ ಅರಳಿದ್ದು ನೋಡಿ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

ಅವರು ಹೋದ ಮೇಲೆ ಮ್ಯಾನೇಜರ್ ಕರೆದರು. ಅವರು ಕೂಗಾಡುವವರಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಅಂದುಬಿಡುತ್ತಿದ್ದೆ.

"ಮೂರು ಜಾಕೆಟ್, ಒಬ್ಬನೇ ಗಿರಾಕಿ, ಕೊಟ್ಟವಳು ನೀನೊಬ್ಬಳೇ. ಹೆಡ್ ಆಫೀಸಿಂದ ಕೇಳ್ತಾ ಇದಾರಮ್ಮ. ಇನ್ನೊಂದು ವಾಪಸ್ ಬಂತೋ, ನನ್ನ ಕೈಲಿ ಏನೂ ಇಲ್ಲ. ಅವತ್ತೇ ನಿನ್ನ ಕೊನೇ ದಿನ."

ಅಮ್ಮ ಸೊಂಟ ಮುರಿದುಕೊಂಡು ಮಲಗಿ ಐದು ತಿಂಗಳು. ಮನೆಯಲ್ಲಿ ದುಡಿಯುವವಳು ನಾನೊಬ್ಬಳು. ಈ ಕೆಲಸ ಹೋದರೆ ಮುಂದೇನು ಅಂತ ಯೋಚಿಸಲೂ ಭಯವಾಯಿತು.

ಮನೆಗೆ ಹೋದರೆ ಅಮ್ಮ ಮಲಗಿದಲ್ಲಿಂದಲೇ ಕೇಳಿದಳು, "ಏನಂತೆ, ಜಾಕೆಟಪ್ಪ ಬಂದಿದ್ನಾ?"

"ಬಂದಿದ್ರು. ಕೆಮ್ಮು ಜಾಸ್ತಿಯಾಗಿದೆ."

"ಆಗದೆ ಇರತ್ತಾ? ಒಂದು ನೆಟ್ಟಗಿರೋ ಜಾಕೆಟ್ ಕೊಟ್ಟು ಪುಣ್ಯ ಕಟ್ಕೊಳ್ಳೇ."

"ಕೊಟ್ರೆ ಮತ್ತೆ ಬರಲ್ಲಮ್ಮ."

ಅಮ್ಮನಿಗೆ ಎಲ್ಲ ಅರ್ಥವಾಯಿತು. "ನ್ಯುಮೋನಿಯಾ ಆದ್ರೂ ಬರಲ್ಲ ಕಣೇ," ಅಂದಳು.

ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಬಕೆಟ್ ತುಂಬುವವರೆಗೂ ಅತ್ತೆ. ಸರಿಯಾದ ಜಾಕೆಟ್ ಕೊಟ್ಟರೆ ಅವರು ಹೋಗುತ್ತಾರೆ. ತಪ್ಪು ಜಾಕೆಟ್ ಕೊಟ್ಟರೆ ಕೆಲಸ ಹೋಗುತ್ತದೆ, ಅವರ ಎದೆಯೂ ಹಾಳಾಗುತ್ತದೆ. ನಾನೇ ಹೆಣೆದ ಬಲೆ, ನಾನೇ ಬಿದ್ದೆ. ಯಾರನ್ನು ಬೈಯಲಿ?

ಮರುದಿನ ಡಬ್ಬಗಳ ಹಿಂದಿನಿಂದ ಕಿತ್ತಳೆ ಜಾಕೆಟ್ ತೆಗೆದು ಧೂಳು ಒರೆಸಿದೆ. ಸಂಜೆ ಮೇಷ್ಟ್ರು ಬಂದರು. ತಕ್ಕಡಿ ತೆಗೆದರು. ನೂರಾ ಹತ್ತು ಗ್ರಾಂ ಅಂತ ಬರೆದಿತ್ತು, ಸರಿಯಾಗಿ ನೂರಾ ಹತ್ತೇ ತೂಗಿತು. ಅವರ ಹುಬ್ಬು ಗಂಟಿಕ್ಕಿತು.

ಮಡಚಿ ಅದರದೇ ಜೇಬಿನೊಳಗೆ ತುಂಬಿ ಕೊಟ್ಟೆ. ಮುಷ್ಟಿಯೊಳಗೆ ಮುಚ್ಚಿಹೋಯಿತು. ಸ್ಪ್ರೇ ಬಾಟಲಿಯಿಂದ ನೀರು ಹೊಡೆದೆ. ಹನಿ ಹನಿಯಾಗಿ ಉರುಳಿ ನೆಲಕ್ಕೆ ಬಿತ್ತು, ಒಂದೂ ಒಳಗಿಳಿಯಲಿಲ್ಲ. ಒಳಗಿನ ಹೊಲಿಗೆಗಳ ಮೇಲೆಲ್ಲ ಟೇಪ್ ಅಂಟಿಸಿದ್ದನ್ನು ತೋರಿಸಿದೆ. ಸೈಕಲ್ ಹತ್ತಿಸಿ ಫ್ಯಾನ್ ಹಾಕಿದೆ. ಪಟಪಟ ಇಲ್ಲ, ಒಂದು ಸದ್ದಿಲ್ಲ.

"ತೋಳು..." ಅಂದರು.

"ತೋಳಿಗೇನು?"

ಕೈ ಚಾಚಿ ನೋಡಿದರು. "ತೋಳು ಸರಿಯಿದೆ."

"ಕಾಲರ್ ಸ್ವಲ್ಪ..."

"ಕಾಲರ್ ಸ್ವಲ್ಪ ಏನು ಸರ್?" ಗಾಜಿನಾಚೆಯಿಂದ ಮ್ಯಾನೇಜರ್ ಕಣ್ಣು ನನ್ನ ಬೆನ್ನಿಗೇ ನೆಟ್ಟಿತ್ತು. ತಪ್ಪು ಸಿಗಬಾರದು ಅಂತ ಬೇಡಿಕೊಳ್ಳುತ್ತಿದ್ದೆ. ಅದೇ ಉಸಿರಲ್ಲಿ, ಒಂದಾದರೂ ಸಿಗಲಿ ದೇವರೇ ಅಂತಲೂ ಬೇಡಿಕೊಳ್ಳುತ್ತಿದ್ದೆ.

"ಕಾಲರ್ ಚೆನ್ನಾಗಿದೆ." ಜಿಪ್ ಎಳೆದರು. ಮೇಲೆ, ಕೆಳಗೆ, ಮತ್ತೆ ಮೇಲೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಬೆನ್ನು?"

ನಾಲ್ಕು ಬೆರಳಿಟ್ಟೆ. ಅಂಚು ಸೀಟಿನವರೆಗೆ ಇಳಿದಿತ್ತು. ಜಾಕೆಟ್ಟಿನ ತೆಳ್ಳಗಿನ ಬಟ್ಟೆಯಡಿಯಲ್ಲಿ ಅವರ ಮೈ ಸುಡುತ್ತಿತ್ತು. "ಬೆನ್ನು ಸರಿಯಿದೆ ಸರ್," ಅಂದೆ. ಬೆರಳು ತೆಗೆಯಲು ಮನಸ್ಸೇ ಬರಲಿಲ್ಲ. ಇದೇ ಕೊನೆ ಅನ್ನಿಸಿತು.

ಅವರು ನಿಧಾನವಾಗಿ ಸೈಕಲ್ಲಿನಿಂದ ಇಳಿದರು. "ಇದರಲ್ಲಿ ಏನೂ ತಪ್ಪಿಲ್ಲ," ಅಂದರು. ಮನೆಯಲ್ಲಿ ಯಾರೋ ಹೋದ ಸುದ್ದಿ ಹೇಳುವ ಹಾಗಿತ್ತು ಅವರ ದನಿ.

"ಪ್ಯಾಕ್ ಮಾಡ್ಲಾ?"

"ಮಾಡಿ."

ಕವರ್ ಕೈಗಿತ್ತೆ. ಇಬ್ಬರೂ ಕವರಿನ ಒಂದೊಂದು ಕಡೆ ಹಿಡಿದುಕೊಂಡು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಂತೆವು. "ಹುಷಾರು ಸರ್, ಕೆಮ್ಮಿಗೆ ಔಷಧಿ ತಗೊಳ್ಳಿ," ಅಂದೆ. ಹೇಳಬೇಕಾದ್ದು ಬೆಟ್ಟದಷ್ಟಿತ್ತು, ಬಾಯಿಗೆ ಬಂದದ್ದು ಕೆಮ್ಮಿನ ಔಷಧಿ. ಥೂ ನನ್ನ!

ಅವರು ಬಾಗಿಲು ದಾಟುವುದಕ್ಕೂ ಮಳೆ ಹೊಯ್ಯುವುದಕ್ಕೂ ಸರಿಹೋಯಿತು. ಸದ್ಯ, ಜಾಕೆಟ್ ಇದೆ ಅಂದುಕೊಂಡು ಗಾಜಿನೊಳಗಿಂದ ನೋಡುತ್ತಾ ನಿಂತೆ. ಕಿತ್ತಳೆ ಬಣ್ಣದಲ್ಲಿ ಒಂದು ಸಲ ನೋಡಿಬಿಡೋಣ ಅಂತ ಆಸೆ.

ಅವರು ಜಾಕೆಟ್ ಕವರಿನಿಂದ ತೆಗೆಯಲೇ ಇಲ್ಲ. ಕವರನ್ನು ನಾಲ್ಕು ಮಡಿಕೆ ಮಾಡಿ, ಶರ್ಟಿನೊಳಗೆ ಹೊಟ್ಟೆಯ ಹತ್ತಿರ ಇಟ್ಟುಕೊಂಡು, ಕತ್ತಿನವರೆಗೂ ಗುಂಡಿ ಹಾಕಿಕೊಂಡರು. ಆಮೇಲೆ ಕೆಮ್ಮುತ್ತಾ, ತೊಪ್ಪೆಯಾಗಿ ನೆನೆಯುತ್ತಾ ಸೈಕಲ್ ಹತ್ತಿ ಹೊರಟರು.

ನನ್ನ ತಲೆಗೆ ಅದು ಇಳಿಯಲು ಎರಡು ಕ್ಷಣ ಬೇಕಾಯಿತು. ಒದ್ದೆಯಾಗದ ಹಾಗೆ ಇಟ್ಟುಕೊಳ್ಳುತ್ತಿದ್ದಾರೆ. ತಪ್ಪಿಲ್ಲ ಅಂತ ಅವರ ಬಾಯಲ್ಲೇ ಹೇಳಿದ ಜಾಕೆಟ್ಟನ್ನೂ ವಾಪಸ್ ತರುತ್ತಾರೆ. ಅಯ್ಯೋ, ಇಷ್ಟು ದಿನ ಈ ಮನುಷ್ಯ ಕೂಡ ನನ್ನ ಹಾಗೇ...

ಸಿಟ್ಟೂ ಸಂತೋಷವೂ ಒಟ್ಟಿಗೇ ನೆತ್ತಿಗೇರಿದವು. ಕೌಂಟರ್ ಬಿಟ್ಟು ಓಡಿದೆ. "ಏ, ಎಲ್ಲಿಗಮ್ಮಾ?" ಅಂತ ಮ್ಯಾನೇಜರ್ ಕೂಗಿದ್ದು ಬೆನ್ನ ಹಿಂದೆಯೇ ಉಳಿಯಿತು. ಫುಟ್‌ಪಾತ್ ಮೇಲೆ ಚಪ್ಪಲಿ ಜಾರಿತು, ಬಿಟ್ಟೆ. ಸಿಗ್ನಲ್ ಹಸಿರಿತ್ತು. ದೇವರೇ, ಕೆಂಪು ಮಾಡು, ಕೆಂಪು ಮಾಡು ಅಂತ ಗಟ್ಟಿಯಾಗಿಯೇ ಕೂಗಿದೆ ಅನ್ನಿಸುತ್ತದೆ, ಬಸ್ಸಿನಲ್ಲಿ ಕೂತವರು ತಿರುಗಿ ನೋಡಿದರು. ಕೆಂಪಾಯಿತು. ಓಡಿಹೋಗಿ ಅವರ ಸೈಕಲ್ ಹ್ಯಾಂಡಲ್ ಹಿಡಿದೇಬಿಟ್ಟೆ.

"ಹಾಕ್ಕೊಳ್ರೀ ಅದನ್ನ!"

ಅವರು ಕಣ್ಣು ಬಾಯಿ ಬಿಟ್ಟರು. "ನೀವು... ನೆನೀತಾ ಇದ್ದೀರಿ..."

"ನನ್ನ ವಿಷಯ ಬಿಡಿ. ಹಾಕ್ಕೊಳ್ಳಿ ಮೊದಲು."

"ಒದ್ದೆಯಾದ್ರೆ ವಾಪಸ್ ತಗೊಳ್ಳಲ್ಲ ನೀವು."

"ವಾಪಸ್ ಯಾಕೆ? ಏನೂ ತಪ್ಪಿಲ್ಲ ಅಂದ್ರಲ್ಲ?"

"ಅದೇ ತೊಂದ್ರೆ ಆಗಿರೋದು," ಅಂದರು. ತುಟಿ ಚಳಿಗೆ ನಡುಗುತ್ತಿತ್ತು. "ಒಂದು ತಪ್ಪೂ ಸಿಗಲಿಲ್ಲ ನನಗೆ. ಇನ್ನು ಯಾವ ನೆವ ಹೇಳಿ ಬರಲಿ ನಾನು? ಏಳು ದಿನ ಟೈಮಿದೆ, ಅಷ್ಟರಲ್ಲಿ ಏನಾದ್ರೂ ಹೊಳೆಯತ್ತೆ ಅಂತ..."

"ಇದೊಂದು ವಾಪಸ್ ಬಂದ್ರೆ ನನ್ನ ಕೆಲಸ ಹೋಗತ್ತೆ ಸರ್!"

ಅವರ ಮುಖದಲ್ಲಿ ಇದ್ದ ಬಣ್ಣವೂ ಹೋಯಿತು. ನಾನು ಎಲ್ಲ ಹೇಳಿದೆ. ಹೆಡ್ ಆಫೀಸು, ಮಲಗಿರುವ ಅಮ್ಮ, ಕೊನೇ ದಿನದ ಮಾತು. ಹೇಳಿ ಮುಗಿಸುವಷ್ಟರಲ್ಲಿ ಅವರು ಶರ್ಟಿನೊಳಗಿಂದ ಕವರ್ ಕಿತ್ತು, ಜಾಕೆಟ್ ತೆಗೆದು, ಟ್ಯಾಗನ್ನು ಹಲ್ಲಲ್ಲಿ ಕಚ್ಚಿ ಹರಿದು, ತೋಳು ತೂರಿಸಿ ಗಂಟಲವರೆಗೆ ಜಿಪ್ ಎಳೆದಾಗಿತ್ತು. ಮಳೆ ಅದರ ಮೇಲೆ ಸುರಿದು ಸುರಿದು ಜಾರಿಹೋಯಿತು.

"ಗೊತ್ತಿರಲಿಲ್ಲ," ಅಂದರು. "ದೇವರಾಣೆ ಗೊತ್ತಿರಲಿಲ್ಲ. ನಾನು ಬಂದು ಬಂದು ನಿಮ್ಮ ಅನ್ನಕ್ಕೇ..."

"ನಿಮ್ಮೊಬ್ಬರದೇ ಅಲ್ಲ ತಪ್ಪು. ಇದನ್ನ ನಾನು ಐದು ವಾರದಿಂದ ಬಚ್ಚಿಟ್ಟಿದ್ದೆ. ನಿಮ್ಮ ಕೆಮ್ಮಿಗೆ ನಾನೇ ಕಾರಣ. ಬೈಯೋದಿದ್ರೆ ಈಗಲೇ ಬೈದುಬಿಡಿ."

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದವು. ಅವರು ಬೈಯಲಿಲ್ಲ. ಕಣ್ಣೆರಡೂ ಪೂರ್ತಿ ಮುಚ್ಚಿದವು, ನಗುತ್ತಿದ್ದಾರೋ ಅಳುತ್ತಿದ್ದಾರೋ ಆ ಮಳೆಯಲ್ಲಿ ಗೊತ್ತಾಗಲಿಲ್ಲ. ಸೈಕಲ್ಲನ್ನು ನಾನೇ ಫುಟ್‌ಪಾತಿಗೆ ಎಳೆದುಕೊಂಡೆ, ಅವರು ಅದರ ಹಿಂದೆ ಬಂದರು.

"ಹಾಗಾದ್ರೆ," ಅಂದರು ಕೊನೆಗೆ, "ನಾಳೆ ಬರ್ಲಾ?"

"ಯಾಕೆ? ಗ್ಲೌಸ್ ಬೇಕಾ?"

"ಬೇಡ. ಏನೂ ಬೇಡ. ಸುಮ್ನೆ."

ಕೌಂಟರ್ ಹಿಂದೆ ನಿಂತವಳ ಹತ್ತಿರ ಜನ ಏನಾದರೂ ಬೇಕಾದರೆ ಬರುತ್ತಾರೆ. ಏನೂ ಬೇಡದೆ ನನಗೋಸ್ಕರ ಸುಮ್ಮನೆ ಬರುತ್ತೇನೆ ಅಂದವರು ಇವರೊಬ್ಬರೇ.

"ಅಂಗಡಿಗೆ ಬರಬೇಡಿ," ಅಂದೆ.

ಅವರ ಮುಖ ಇಳಿಯಿತು.

"ನಾಳೆ ನನಗೆ ರಜ. ಮನೆಗೆ ಬನ್ನಿ."