ಎಂಟು ಸಾವಿರ ಅಡಿ ಎತ್ತರದಲ್ಲಿ ಒಂದು 'ಉದಾಸೀನ'

"ನಿಧಾನ... ಮೂಗಲ್ಲಿ ಉಸಿರು ತಗೋ. ಇಲ್ಲಿ ಗಾಳಿ ತೆಳು."

ಆ ದನಿ ಕೇಳಿದ್ದೇ ರಂಜನಿಗೆ ಇದ್ದ ಉಸಿರೂ ಸಿಕ್ಕಿಕೊಂಡಿತು. ನೀರಿನ ಬಾಟಲಿ ಚಾಚಿ ನಿಂತಿದ್ದವನು ಸುಜಯ್. ಮೂರು ತಿಂಗಳಿಂದ ಫೋನ್ ಎತ್ತದೆ ಅವಳು ದೂರವಿಟ್ಟಿದ್ದ ಸುಜಯ್...

ತನ್ನೂರು ವಾಲ್ನಟ್ ಕ್ರೀಕಿನ ಗೆಳತಿಯರ ಜೊತೆ ಲಾಸೆನ್ ಜ್ವಾಲಾಮುಖಿ ಪಾರ್ಕಿಗೆ ಹೊರಟಾಗ, ಅವನೂ ಬರುತ್ತಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಉಡುಪಿಯಿಂದ ಬಂದಿದ್ದ ತನ್ನ ಚಿಕ್ಕಮ್ಮ ವೇದವತಿಯವರನ್ನು ಅವನು ಸ್ಯಾನ್ ಮಟಿಯೋದಿಂದ ಬೇರೆ ಕಾರಿನಲ್ಲಿ ಕರೆತಂದಿದ್ದ.

ಜುಲೈ ತಿಂಗಳಲ್ಲೂ ದಾರಿಯಂಚಿಗೆ ಹಿಮ. ಕೆಳಗೆ ಕಣಿವೆಯಲ್ಲಿ ಕೊತಕೊತ ಕುದಿಯುವ ಕೆಸರು, ಗಂಧಕದ ಹೊಗೆ. ಬೆಟ್ಟದ ಹೊಟ್ಟೆಯೊಳಗೆ ರಾಕ್ಷಸಿಯೊಬ್ಬಳು ಅಂಬಲಿ ಕಾಯಿಸುತ್ತಾಳೆಂದು ಅಜ್ಜಿ ಹೇಳುತ್ತಿದ್ದದ್ದು ಸುಳ್ಳಲ್ಲ ಎನಿಸಿತು ರಂಜನಿಗೆ. ತನ್ನೊಳಗೂ ಅಂಥದ್ದೇ ಒಲೆ ಉರಿಯುತ್ತಿದೆಯಲ್ಲ!

ಏಪ್ರಿಲ್‌ನ ಆ ಭಾನುವಾರ ಮೈಸೂರಿನಲ್ಲಿದ್ದ ತನ್ನ ಅಮ್ಮನ ಜೊತೆ ವಿಡಿಯೋ ಕಾಲ್ ಇತ್ತು. ಬಂದು ಮದುವೆಯ ಮಾತು ತೆಗೆ ಎಂದು ಅವಳೇ ನಾಚಿಕೆ ಬಿಟ್ಟು ಅವನನ್ನು ಕರೆದಿದ್ದಳು.

"ಇವತ್ತು ಬರ್ಲಿಕ್ಕೆ ಉದಾಸೀನ ಆಗ್ತದೆ, ರಂಜನಿ."

ಅಷ್ಟೇ ಅವನ ಉತ್ತರ.

ಬೇಡ ಅಂದಿದ್ದರೆ ಅತ್ತು ಮರೆಯಬಹುದಿತ್ತು. ನೀನು ಲೆಕ್ಕಕ್ಕೇ ಇಲ್ಲ ಎಂಬಂತೆ ಉದಾಸೀನ ಅಂದವನನ್ನು ಇನ್ನೇನು ಕೇಳುವುದು? ಷಿಕಾಗೋದಲ್ಲಿ ಹೊಸ ಕೆಲಸ ಸಿಕ್ಕಿತ್ತು. ಸೋಮವಾರ ಒಪ್ಪಿಗೆ ಬರೆದರೆ ಈ ಊರೂ ಇಲ್ಲ, ಇವನೂ ಇಲ್ಲ.

ಬಾಟಲಿಯನ್ನು ಮುಟ್ಟದೆ ಅವಳು ಮುಂದೆ ನಡೆದಳು. ತಿರುವಿನಲ್ಲಿ ವೇದವತಿ ಬಂಡೆಯೊಂದರ ಮೇಲೆ ಕುಳಿತುಬಿಟ್ಟಿದ್ದರು.

"ನೀವು ಹೋಗಿ ಮಾರಾಯ್ತಿ. ನಂಗೆ ಇನ್ನು ಹತ್ಲಿಕ್ಕೆ ಉದಾಸೀನ ಆಗ್ತದೆ."

ರಂಜನಿ ನಿಂತಲ್ಲೇ ನಿಂತಳು. "ಇಷ್ಟು ದೂರ ಆಸೆಪಟ್ಟು ಬಂದು... ಈಗ ಉದಾಸೀನಾನಾ, ಆಂಟಿ?"

"ಆಸೆ ಇಲ್ಲದೆ ಎಂತ? ಮೈ ಏಳುದಿಲ್ಲ, ಸುಸ್ತು. ನಮ್ಮಲ್ಲಿ ಅದಕ್ಕೇ ಉದಾಸೀನ ಅನ್ನುದು. ನಿಮ್ಮ ಮೈಸೂರಲ್ಲಿ ಎಂತ ಹೇಳ್ತಾರೆ?"

ಒಂದು ಪದ... ಒಂದೇ ಒಂದು ಪದಕ್ಕೆ ಮೂರು ತಿಂಗಳು! ಆ ಸುಸ್ತಿಗೆ, ಆ ಬಂಡೆಗೆ, ಇಲ್ಲಿಯವರೆಗೆ ಹತ್ತಿಸಿದ ಬೆಟ್ಟಕ್ಕೆ ಒಟ್ಟಿಗೇ ಕೈಮುಗಿಯಬೇಕೆನಿಸಿತು ರಂಜನಿಗೆ. ಕಣ್ಣು ತುಂಬಿ ಬಂತು. ಹಿಂದಿರುಗಿ ಸುಜಯ್ ಇದ್ದಲ್ಲಿಗೆ ಓಡುವಂತೆಯೇ ಇಳಿದಳು.

ಆ ಭಾನುವಾರ ಏನಾಗಿತ್ತು ಎಂದು ಕೇಳಿದಳು. ಎರಡು ದಿನ ಬಿಡದೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಿದ್ದೆ, ಕಣ್ಣು ತೆರೆಯಲಾಗುತ್ತಿರಲಿಲ್ಲ ಎಂದ ಸುಜಯ್. ಅವಳು ತನಗೆ ಕೇಳಿಸಿದ ಅರ್ಥ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

"ನಾನು ನಿನಗೆ ಹಾಗೆ ಹೇಳ್ತೇನಾ? ಮರುದಿನವೇ ನಿನ್ನ ಅಮ್ಮನ ಹತ್ರ ಮಾತಾಡುವ ಅಂತ ಎಷ್ಟು ಸಲ ಫೋನ್ ಮಾಡಿದೆ ಗೊತ್ತುಂಟಾ?"

"ಅಮ್ಮನ್ನ ಆಮೇಲೆ ಕೇಳುವೆಯಂತೆ," ಎಂದಳು ರಂಜನಿ, ಕಣ್ಣೊರೆಸಿಕೊಂಡು. "ಮೊದಲು ನನ್ನನ್ನ ಕೇಳೋ."

"ನನ್ನನ್ನು ಮದುವೆ ಆಗ್ತೀಯಾ?"

"ಹೂಂ." ಅವಳು ಅವನ ತೋಳಿಗೆ ಹಣೆ ಆನಿಸಿದಳು. "ಆದ್ರೆ ಸೋಮವಾರ ಷಿಕಾಗೋದವರಿಗೆ ಏನಂತ ಬರೀಲಿ?"

"ನಿನಗೆ ಆಸೆ ಇದ್ರೆ, 'ಬರ್ತೇನೆ' ಅಂತಲೇ ಬರಿ." ಅವನು ಅವಳ ತಣ್ಣಗಿನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡ. "ಅಲ್ಲಿಯೂ ಆಸ್ಪತ್ರೆ ಉಂಟಲ್ಲ... ನಾನೂ ಬರ್ತೇನೆ."