ಹೊಳೆಕೇರಿ ಪಟ್ಟಿಯ ೨೧೪ನೇ ನಂಬರು

೧೯೬೭ನೇ ಇಸವಿ ಫೆಬ್ರವರಿ, ವಿಧಾನಸಭೆ ಚುನಾವಣೆಯ ದಿನ, ಸಂಜೆ ೬-೧೫. ಮತಪೆಟ್ಟಿಗೆ ಹೊತ್ತು ಸಾಗರಕ್ಕೆ ಬಂದ ಜೀಪಿಂದ ಮಂಜುನಾಥಪ್ಪ ಮೇಷ್ಟ್ರು ಇಳಿದು ಸೀದಾ ಪೊಲೀಸ್ ಠಾಣೆಗೆ ನುಗ್ಗಿದ್ರು. ಕೈಲಿ ಮತಗಟ್ಟೆ ಅಧಿಕಾರಿ ಬರೆದ ದೂರು. ಬೆನ್ನ ಹಿಂದೆ ಒಬ್ಬ ಗಂಡ, ಒಬ್ಬಳು ಹೆಂಡತಿ.

"ಒಂದು ವೋಟು ಕಳುವಾಗಿದೆ ಸಾರ್."

ಸಬ್ ಇನ್ಸ್‌ಪೆಕ್ಟರ್ ಸೀತಾರಾಮಪ್ಪ ಬೆಳಗಿಂದ ಊಟ ಮಾಡಿರ್ಲಿಲ್ಲ. "ಮತದಾನ ಅಂತೀರಿ. ದಾನ ಕೊಡೋದನ್ನೂ ಕದೀತಾರೇನ್ರಿ?"

ದೂರು ಹೀಗಿತ್ತು. ಶರಾವತಿ ದಂಡೆಯ ಹೊಳೆಕೇರಿ ಲಿಂಗನಮಕ್ಕಿ ನೀರಲ್ಲಿ ಮುಳುಗಿ ಮೂರು ವರ್ಷ. ಜನ ದಿಕ್ಕಿಗೊಬ್ಬರಾಗಿದ್ರು, ಒಂದಷ್ಟು ಮನೆಯೋರು ಕಾರ್ಗಲ್ ಹತ್ರ ಗುಡ್ಡದ ಮೇಲೆ ಶೆಡ್ ಹಾಕ್ಕೊಂಡಿದ್ರು. ಊರು ತಳ ಸೇರಿದ್ರೂ ಊರಿನ ವೋಟರ್ ಲಿಸ್ಟು ಮಾತ್ರ ತೇಲ್ತಾ ಇತ್ತು. ಅದರಲ್ಲಿ ೨೧೪ನೇ ನಂಬರು: ಗುತ್ಯಮ್ಮ, ಗಂಡ ಬೆಳ್ಳಪ್ಪ. ಬೆಳಿಗ್ಗೆ ೮-೧೦ಕ್ಕೆ ಒಬ್ಬ ಹೆಂಗಸು ತಾನೇ ೨೧೪ ಅಂತ ಹೇಳಿ ವೋಟು ಹಾಕಿ ಹೋದ್ಲು. ೧೧-೨೦ಕ್ಕೆ ಗುತ್ಯಮ್ಮ ಬಂದು, ೨೧೪ ನಾನು ಅಂದ್ಲು. ಬೆರಳಲ್ಲಿ ಶಾಯಿ ಇರ್ಲಿಲ್ಲ. ಆದ್ರೆ ಒಂದು ಪಕ್ಷದ ಏಜೆಂಟು ಎದ್ದು, "ಬೆಳಿಗ್ಗೆ ಬಂದೋಳೂ ಇವಳೇ! ಪಪ್ಪಾಯಿ ಹಾಲಲ್ಲಿ ಶಾಯಿ ಉಜ್ಕೊಂಡು ಬಂದಾಳೆ" ಅಂತ ಕೂಗಾಡಿದ. ಕೊನೆಗೆ ಗುತ್ಯಮ್ಮನ ವೋಟನ್ನ ಬೇರೆ ಕವರಿಗೆ ಹಾಕಿಟ್ರು. ಅಂಥ ವೋಟು ಎಣಿಕೆಗೆ ಬರಲ್ಲ. ಹಾಕಿದ ಶಾಸ್ತ್ರ ಅಷ್ಟೇ.

೬-೪೦ಕ್ಕೆ ಎಫ್‌ಐಆರ್ ಆಯ್ತು. ಕಲಂ ೧೭೧-ಎಫ್, ಬೇರೆಯೋರ ಹೆಸರಲ್ಲಿ ವೋಟು ಹಾಕಿದ್ದಕ್ಕೆ ಒಂದು ವರ್ಷದ ತನಕ ಸಜೆ. ಆರೋಪಿ ಹೆಸರಿನ ಜಾಗ ಖಾಲಿ. ಆ ಖಾಲಿ ಜಾಗ ನೋಡಿ ಗುತ್ಯಮ್ಮ ಕೈ ಮುಗಿದ್ಲು.

"ಕೇಸಾದ್ರೆ ಪಟ್ಟಿಯಿಂದ ಹೆಸರು ಹೊಡೀತಾರಂತೆ ಸ್ವಾಮಿ. ಹೆಸರು ಹೋದ್ರೆ ಮುಳುಗಿದ್ದಕ್ಕೆ ಬದಲು ಕೊಡೋ ಜಮೀನಿನ ಹಕ್ಕುಪತ್ರನೂ ಸಿಗಲ್ವಂತೆ. ಏಜೆಂಟ್ರು ಹೇಳಿದ್ರು."

"ಏಜೆಂಟ್ರು ಹೇಳಿದ್ದು ಇರ್ಲಿ. ಗಂಡನ ಹೆಸರೇನಮ್ಮ?"

ಗುತ್ಯಮ್ಮ ನೆಲ ನೋಡಿದ್ಲು. ಆಮೇಲೆ ಕಾನ್‌ಸ್ಟೇಬಲ್ ಜಟ್ಟಿಂಗಪ್ಪನ ಬೆಳ್ಳಿ ಉಂಗುರದ ಕಡೆ ಕೈ ತೋರಿಸಿದ್ಲು. ಜಟ್ಟಿಂಗಪ್ಪ ಕೈ ಹಿಂದಕ್ಕೆ ಎಳ್ಕೊಂಡ.

"ಅದು ಯಾತರದ್ದೋ, ಅದಕ್ಕೆ ಅಪ್ಪ ಸೇರ್ಸಿ ಸ್ವಾಮಿ."

"ನಮ್ಮನೇಲೂ ಇದೇ ಕತೆ ಸಾರ್," ಜಟ್ಟಿಂಗಪ್ಪ ಅಂದ. "ರೇಷನ್ ಕಾರ್ಡಿನೋರು ಬಂದಾಗ ನನ್ನ ಹೆಂಡ್ತಿ ಗೋಡೆ ಮೇಲಿದ್ದ ಪೈಲ್ವಾನನ ಕ್ಯಾಲೆಂಡರು ತೋರಿಸಿದ್ಲು. ಕಾರ್ಡಲ್ಲಿ ನಾನು ಭೀಮಪ್ಪ ಆಗೋಗಿದ್ದೆ."

ಸೀತಾರಾಮಪ್ಪ ನಗಲಿಲ್ಲ. ಮೇಷ್ಟ್ರ ಕಡೆ ತಿರುಗಿದ್ರು. ಪಟ್ಟಿ ಓದಿ ಹೆಸರು ಕೇಳೋ ಮೇಜಲ್ಲಿ ಕೂತಿದ್ದೋರು ಅವರೇ.

"ಹೆಂಗಸರಿಗೆಲ್ಲ ಗಂಡನ ಹೆಸರು ಕೇಳಿದ್ರಾ?"

"ಕೇಳ್ದೆ ಸಾರ್. ಅದರಿಂದಲೇ ಸಾಲು ಮುಂದೆ ಹೋಗ್ಲಿಲ್ಲ. ಒಬ್ಬಳು ಸೂರ್ಯನ್ನ ತೋರಿಸ್ತಾಳೆ, ಒಬ್ಬಳು ಮಗನ್ನ ಮುಂದೆ ತಳ್ತಾಳೆ."

"೮-೧೦ಕ್ಕೆ ಬಂದೋಳು?"

"ಅವಳೊಬ್ಬಳೇ ಪಟ್ ಅಂತ ಹೇಳಿದ್ದು. ಮೊದ್ಲು 'ಬೆಳ್ಳ' ಅಂದ್ಲು, ಆಮೇಲೆ 'ಬೆಳ್ಳಪ್ಪ' ಅಂತ ಸರಿ ಮಾಡ್ಕೊಂಡ್ಲು. ಪರವಾಗಿಲ್ಲ, ಒಬ್ಬಳಾದ್ರೂ ಮುಂದುವರಿದಿದಾಳೆ ಅಂತ ಖುಷಿಪಟ್ಟೆ."

"ವಯಸ್ಸು?"

"ಸೆರಗು ಮುಂದಕ್ಕೆ ಎಳ್ಕೊಂಡಿದ್ಲು. ನಾನೂ ತಲೆ ಎತ್ತಿ ನೋಡ್ಲಿಲ್ಲ ಸಾರ್."

ಹೆಂಡತಿ ಆದವಳು ಅಷ್ಟು ಸಲೀಸಾಗಿ ಹೇಳಲ್ಲ. ಗುತ್ಯಮ್ಮ ಅಲ್ಲ ಅನ್ನೋದು ಅಲ್ಲಿಗೇ ತೀರ್ತು. ಇನ್ನು, ಮೀಸೆ ಹಣ್ಣಾದ ಬೆಳ್ಳಪ್ಪನ್ನ "ಬೆಳ್ಳ" ಅನ್ನೋ ಸಲಿಗೆ ಯಾರಿಗಿದೆ?

"ಏನಯ್ಯಾ, ನಿನ್ನ ಬೆಳ್ಳ ಅಂತ ಕರೆಯೋರು ಯಾರು?"

ಬೆಳ್ಳಪ್ಪ ತಲೆ ಮೇಲಿನ ಟವೆಲ್ ತೆಗೆದು ಕೈಲಿ ಹಿಂಡ್ತಾ ನಿಂತ.

"ಅವ್ವ ಕರೀತಿದ್ಲು. ಸತ್ತು ಎಂಟೊರ್ಷ ಆತು."

"ಇನ್ಯಾರು?"

ಬೆಳ್ಳಪ್ಪ ಟವೆಲ್ ಹೆಗಲಿಗೆ ಹಾಕ್ಕೊಂಡು ಬಾಗಿಲ ಕಡೆ ತಿರುಗಿದ.

"ಹೆಂಡ್ತಿ ಜೈಲಿಗೆ ಹೋದ್ರೂ ಹೇಳಲ್ವಾ?"

"ಅಕ್ಕ," ಅಂದ. "ಹುಲಿಗೆಮ್ಮ. ನನ್ನ ಎತ್ತಿ ಆಡ್ಸಿದೋಳು."

ಮಾರನೇ ದಿನ ೧೦-೩೦. ತಾಲ್ಲೂಕು ಕಚೇರಿಯ ಕಪಾಟಿಂದ ಜಟ್ಟಿಂಗಪ್ಪ ಹೊಳೆಕೇರಿಯ ಹಳೇ ಪಟ್ಟಿಗಳನ್ನ ಇಳಿಸಿದ, ಕೆಮ್ಮಿದ. ನಾಲ್ಕು ಚುನಾವಣೆಯಲ್ಲಿ ಕ್ಷೇತ್ರದ ಗಡಿಗೀಟು ಒಂದ್ಸಲ ಹೊಳೆ ಈಚೆ, ಒಂದ್ಸಲ ಹೊಳೆ ಆಚೆ ಓಡಾಡಿತ್ತು. ಗೆದ್ದೋರ ಹೆಸರು ಊರಿಗೆಲ್ಲ ಗೊತ್ತು. ಸೀತಾರಾಮಪ್ಪ ಹುಡುಕ್ತಿದ್ದಿದ್ದು ಒಬ್ಬ ಮತದಾರಳನ್ನ.

೧೯೫೨: "ಬೆಳ್ಳಪ್ಪನ ಅಕ್ಕ." ಅದರ ಮೇಲೆ ಕೆಂಪು ಗೀಟು. ಹೆಸರು ಹೇಳದ ಹೆಂಗಸರನ್ನ ಇಂಥವರ ತಾಯಿ, ಇಂಥವರ ಅಕ್ಕ ಅಂತ ಬರ್ಕೊಂಡು, ಆಮೇಲೆ ಇದು ಹೆಸರೇ ಅಲ್ಲ ಅಂತ ಹೊಡೆದುಹಾಕಿದ್ರು. ೧೯೫೭: ಹುಲಿಗೆಮ್ಮ. ೧೯೬೨: ಹುಲಿಗೆಮ್ಮ. ೧೯೬೭: ೨೧೩ ಬೆಳ್ಳಪ್ಪ, ೨೧೪ ಗುತ್ಯಮ್ಮ, ೨೧೫ ಪಕ್ಕದ ಮನೆಯೋರು.

"ನಿನ್ನ ಅಕ್ಕ ಪಟ್ಟಿಯಿಂದ ಎಲ್ಲಿ ಉದುರಿದ್ಲು?" ಅಂತ ಬೆಳ್ಳಪ್ಪನ್ನ ಕೇಳಿದ್ರು.

"ಮುಳುಗಡೆ ಸರ್ವೆಗೆ ಬಂದಾಗ ಮನೇಲಿ ಯಾರ್ಯಾರು ಅಂತ ಕೇಳಿದ್ರು ಸ್ವಾಮಿ. ಅಕ್ಕ ಗಂಡ ಸತ್ತು ತವರಿಗೆ ಬಂದೋಳು. ಕೊಟ್ಟ ಹೆಣ್ಣು ಗಂಡನ ಮನೆ ಲೆಕ್ಕ ಅಲ್ವಾ? ಹಂಗೇ ಹೇಳ್ದೆ. ಸರ್ವೆ ಪಟ್ಟಿ ನೋಡ್ಕೊಂಡೇ ವೋಟಿನ ಪಟ್ಟಿ ಬರೆದ್ರು."

"ಈಗ ಎಲ್ಲಿದಾಳೆ?"

"ಊರು ಮುಳುಗಿದ ಮೇಲೆ ತೀರ್ಥಳ್ಳಿ ಕಡೆ ಹೋದ್ಲು. ಅವಳ ಮೈದುನನ ಮನೇಲಿ."

ಮೂರನೇ ದಿನ ೯-೪೫, ತೀರ್ಥಹಳ್ಳಿ. ಮೈದುನ ಕನ್ನಪ್ಪ ಜಗಲಿ ಬಿಟ್ಟು ಏಳಲಿಲ್ಲ.

"ಹುಲಿಗೆಮ್ಮ ನಿಮ್ಮ ಮನೆಯೋಳಾ?"

"ನಮ್ಮೋಳು ಹೆಂಗಾಗ್ತಾಳೆ? ಹದಿನೇಳು ವರ್ಷದ ಹಿಂದೆ ತವರಿಗೆ ಹೋದೋಳು. ಸರ್ಕಾರದೋರು ಪಟ್ಟಿ ಬರೆಯಕ್ಕೆ ಬಂದಾಗ್ಲೂ ಹಂಗೇ ಬರ್ಸೀನಿ."

ಬೆಳ್ಳಪ್ಪ ಗಂಡನ ಮನೆ ಲೆಕ್ಕಕ್ಕೆ ಬರೆಸಿದ್ದ, ಮೈದುನ ತವರಿನ ಲೆಕ್ಕಕ್ಕೆ ಬರೆಸಿದ್ದ. ಎರಡೂ ಕಡೆ ಸತ್ಯ ನುಡಿದೋರೇ. ನಡುವೆ ಒಬ್ಬ ಹೆಂಗಸು ಇಲ್ಲದ ಹಾಗಾಗಿದ್ಲು.

"ಮನೇಲಿದಾಳಾ?"

"ದಿನಾ ಹೊಸನಗರಕ್ಕೆ ಹೋಗ್ತಾಳೆ. ಮುಳುಗಡೆಯೋರಿಗೆ ಜಮೀನು ಹಂಚೋ ಆಫೀಸಿಗೆ. ನಿನ್ನೆಯಂತೂ ಹೋಗಿ ಬೆರಳು ತೋರಿಸಿದ್ಲಂತೆ. ತಲೆ ಕೆಟ್ಟಿದೆ."

ಮಧ್ಯಾಹ್ನ ೧-೨೦, ಹೊಸನಗರ. ಆಫೀಸಿನ ಹೊರಗಿನ ಬೆಂಚಲ್ಲಿ ಬಿಳಿ ತಲೆಯ ಹೆಂಗಸೊಬ್ಬಳು ಎಡಗೈ ಮಡಿಲಲ್ಲಿಟ್ಟು ಕೂತಿದ್ಲು. ಪೊಲೀಸ್ ಟೋಪಿ ಕಂಡ್ರೂ ಓಡಲಿಲ್ಲ. ಎಡಗೈ ತೋರುಬೆರಳು ಎತ್ತಿದ್ಲು. ಉಗುರಿನ ಬುಡದಲ್ಲಿ ನೇರಳೆ ಶಾಯಿ.

"ಯಾರ ವೋಟು ಹಾಕ್ದೆ?"

"ಗುತ್ಯಮ್ಮಂದು."

"ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಯಾರಾದ್ರೂ ಆಸೆ ತೋರ್ಸಿ ಕರ್ಕೊಂಡು ಹೋದ್ರಾ?"

"ನಾನೇ ಹೋದೆ. ಹಿಂದಿನ ದಿನಾನೇ ಹೊಂಟು, ಬಸ್ಸಿಳಿದು ಏಳು ಮೈಲಿ ನಡದೆ." ಅವಳು ಕಚೇರಿ ಕಿಟಕಿ ಕಡೆ ನೋಡಿದ್ಲು. "ಒಳಗಿರೋ ಗುಮಾಸ್ತರು, ನೀನು ಹೊಳೆಕೇರಿಯೋಳು ಅನ್ನೋದಕ್ಕೆ ಆಧಾರ ಏನು, ಲಿಸ್ಟಲ್ಲಿ ಹೆಸರೇ ಇಲ್ಲ ಅಂದ್ರು. ಊರು ತೋರ್ಸಣ ಅಂದ್ರೆ ಊರಿಲ್ಲ. ಹೊಳೆಕೇರಿ ಲಿಸ್ಟಲ್ಲಿ ವೋಟು ಹಾಕ್ದೋರಿಗೆ ತಾನೆ ಶಾಯಿ ಹಚ್ಚೋದು? ಅದಕ್ಕೇ ಹಚ್ಚಿಸ್ಕೊಂಡು ಬಂದೆ."

"ಗುತ್ಯಮ್ಮನ್ನ ಜೈಲಿಗೆ ಕಳಿಸ್ತೀವಿ ಅಂತಿದಾರೆ."

ಹುಲಿಗೆಮ್ಮನ ಬೆರಳು ಕೆಳಗಿಳೀತು. ಅವಳು ಎದ್ದು ನಿಂತ್ಲು. "ಅವಳು ಯಾಕೆ? ನಾನಿದೀನಲ್ಲ. ನನ್ನ ಬರ್ಕೊಳ್ಳಿ."

೧-೪೫ಕ್ಕೆ ಪಂಚನಾಮೆ. ಬೆಂಚಿನ ಮೇಲೇ ಕಾಗದ ಹಾಸಿದ್ರು.

"ಗಂಡನ ಹೆಸರು?"

ತಮ್ಮನ ಹೆಸರು ಪಟ್ ಅಂತ ಹೇಳಿದೋಳು ಈಗ ಸೆರಗು ಬಾಯಿಗೆ ಒತ್ಕೊಂಡ್ಲು. ಗಂಡ ಸತ್ತು ಹದಿನೇಳು ವರ್ಷ ಆದ್ರೂ ಅವನ ಹೆಸರು ಈಗ್ಲೂ ಹೇಳೋ ಹಾಗಿಲ್ಲ.

"ಹೋಗ್ಲಿ ಸಾರ್, ಬೆಳ್ಳಪ್ಪನ ಅಕ್ಕ ಅಂತ ಬರೀಲಾ?" ಜಟ್ಟಿಂಗಪ್ಪ ಕೇಳಿದ.

"ಬ್ಯಾಡ," ಅಂದ್ಲು. "ಅದನ್ನ ಒಂದ್ಸಲ ಬರ್ದು ಹೊಡ್ದಾರೆ. ಹುಲಿಗೆಮ್ಮ ಅಂತ ಬರೀರಿ."

"ಊರು?"

"ಹೊಳೆಕೇರಿ."

"ಅದು ಮುಳುಗಿದೆಯಲ್ಲಮ್ಮ."

"ನಾನು ಮುಳುಗಿಲ್ವಲ್ಲಪ್ಪ."

ಜಟ್ಟಿಂಗಪ್ಪ ಸಾಹೇಬರ ಮುಖ ನೋಡಿದ. ಸೀತಾರಾಮಪ್ಪ ಪೆನ್ನು ಇಸ್ಕೊಂಡು ತಾವೇ ಬರೆದ್ರು. ಆಮೇಲೆ ಒಳಗೆ ಹೋಗಿ ಗುಮಾಸ್ತನ್ನ ಕರೆದ್ರು.

"ಈಕೆನ ನೋಡಿದೀರಾ?"

"ದಿನಾ ನೋಡ್ತೀನಿ ಸಾರ್. ತಲೆ ತಿಂತಾಳೆ."

"ಹಂಗಾದ್ರೆ ನೀವೇ ಪಂಚರು, ಸಾಕ್ಷಿ. ರುಜು ಹಾಕಿ."

ಊಟದ ಡಬ್ಬಿ ಬಿಚ್ಚಿಟ್ಟು ಬಂದಿದ್ದ ಗುಮಾಸ್ತ ಓದದೇ ಹಾಕಿದ. ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿದ್ಲು. ಶಾಯಿ ಬೆರಳಿನ ಪಕ್ಕದಲ್ಲಿ ಇನ್ನೊಂದು ಶಾಯಿ ಬೆರಳು. ದಸ್ತಗಿರಿ ೨-೧೦ಕ್ಕೆ.

ಜೀಪು ಹೊರಡೋ ಮುಂಚೆ, "ಏನು ಬರ್ದೀರಿ, ಒಂದ್ಸಲ ಓದ್ರಪ್ಪ" ಅಂದ್ಲು.

ಸೀತಾರಾಮಪ್ಪ ಓದಿದ್ರು: "ಆರೋಪಿ ಹುಲಿಗೆಮ್ಮ, ವಯಸ್ಸು ಸುಮಾರು ಐವತ್ತೆಂಟು, ಹೊಳೆಕೇರಿ ಗ್ರಾಮದವಳು, ಈ ಕೆಳಗೆ ರುಜು ಮಾಡಿರುವ ಜಮೀನು ಕಚೇರಿಯ ಗುಮಾಸ್ತರ ಸಮಕ್ಷಮ..."

"ಗುಮಾಸ್ತರ ರುಜು ಐತಾ ಅದರಲ್ಲಿ?"

"ಇದೆ."

"ಇನ್ನೊಂದ್ಸಲ ಓದಿ," ಅಂದ್ಲು ಹುಲಿಗೆಮ್ಮ. "ಊರಿನ ಹೆಸರಿಂದ."